ಎಲೆ ಉದುರಿದ ಗೆಡ್ಡೆಯಿಂದ ಹೊಸ ಆರ್ಕಿಡ್

ಕೇಳುಗರಿಗೆ ನಮಸ್ಕಾರ.

ಆರ್ಕಿಡ್ ಗಿಡದ ಕುಂಡ ಬದಲಿಸುವಾಗ ತುಂಬಾ ಜನ ಒಂದು ಕೆಲಸ ಮಾಡುತ್ತಾರೆ. ಹಿಂದುಗಡೆ ಇರುವ ಬೋಳು ಗೆಡ್ಡೆಗಳನ್ನು, ಅಂದರೆ ಎಲೆ ಉದುರಿದ ದಪ್ಪ ಕಾಂಡಗಳನ್ನು, ಕತ್ತರಿಸಿ ಕಸಕ್ಕೆ ಹಾಕುತ್ತಾರೆ. ಎಲೆ ಇಲ್ಲ, ಸುಕ್ಕುಗಟ್ಟಿದೆ, ಇನ್ನೇನು ಕೆಲಸ ಅಂತ. ದಯವಿಟ್ಟು ಹಾಗೆ ಮಾಡಬೇಡಿ. ಎಲೆ ಹೋದರೂ ಆ ಗೆಡ್ಡೆಯೊಳಗೆ ನೀರಿದೆ, ಆಹಾರವಿದೆ, ಬುಡದಲ್ಲಿ ಮೊಳಕೆಯ ಕಣ್ಣೂ ಇದೆ.

ಇದು ಎಲ್ಲ ಆರ್ಕಿಡ್‌ಗಳಿಗೂ ಹೊಂದುವ ಮಾತಲ್ಲ. ಫೆಲನಾಪ್ಸಿಸ್, ವ್ಯಾಂಡಾ ಇವೆಲ್ಲ ಒಂದೇ ಕಾಂಡದಲ್ಲಿ ಮೇಲಕ್ಕೆ ಬೆಳೆಯುತ್ತವೆ, ಅವುಗಳಲ್ಲಿ ಗೆಡ್ಡೆಯೇ ಇಲ್ಲ. ಸಿಂಬಿಡಿಯಂ, ಕ್ಯಾಟ್ಲಿಯಾ, ಆನ್ಸಿಡಿಯಂ ಬೆಳೆಯುವ ರೀತಿಯೇ ಬೇರೆ. ಬುಡದಲ್ಲಿ ಒಂದು ಕಾಂಡ ಅಡ್ಡಕ್ಕೆ ತೆವಳುತ್ತದೆ. ಅದಕ್ಕೆ ರೈಜೋಮ್ ಅನ್ನುತ್ತಾರೆ. ಅದರ ಮೇಲೆ ಒಂದರ ಮುಂದೆ ಒಂದು ಹೊಸ ಗೆಡ್ಡೆ ಏಳುತ್ತಾ ಹೋಗುತ್ತದೆ. ಮುಂದಿನದು ಎಳೆಯದು, ಹಿಂದಿನದು ಹಳೆಯದು.

ಹಾಗಾದರೆ ಹಿಂದಿನ ಗೆಡ್ಡೆ ತಾನಾಗಿಯೇ ಯಾಕೆ ಚಿಗುರುವುದಿಲ್ಲ? ಮುಂದೆ ಬೆಳೆಯುತ್ತಿರುವ ಎಳೆ ತುದಿ ಬಿಡುವುದಿಲ್ಲ. ಆ ತುದಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನು ಹುಟ್ಟುತ್ತದೆ. ಹಿಂದಿನ ಕಣ್ಣುಗಳು ಏಳದಂತೆ ತಡೆಯುವುದು ಅದೇ. ನಡುವೆ ರೈಜೋಮನ್ನು ಕತ್ತರಿಸಿದರೆ ಆ ಹಿಡಿತ ತಪ್ಪುತ್ತದೆ, ಮಲಗಿದ್ದ ಕಣ್ಣು ಎದ್ದು ಬರುತ್ತದೆ. ನಾವು ಮಾಡುವ ಉಪಾಯ ಇಷ್ಟೇ. ಉಳಿದ ಕೆಲಸವೆಲ್ಲ ಗೆಡ್ಡೆಯದ್ದೇ.

ಹೀಗೆ ಹುಟ್ಟಿದ ಗಿಡ ತಾಯಿಗಿಡದ ತದ್ರೂಪು. ಅದೇ ಬಣ್ಣ, ಅದೇ ಹೂವು. ಬೀಜದಿಂದ ಬಂದದ್ದಕ್ಕೆ ಈ ಭರವಸೆ ಇಲ್ಲ. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಅವರು ಚಿಗುರಿನ ತುದಿಯಿಂದ ಸಿಂಬಿಡಿಯಂ ಬೆಳೆಸುವ ವಿಧಾನ ಪ್ರಕಟಿಸಿದರು. ಅದಕ್ಕೂ ಮೊದಲು ಒಳ್ಳೆಯ ಸಿಂಬಿಡಿಯಂ ತಳಿಯೊಂದು ಕೈಯಿಂದ ಕೈಗೆ ದಾಟುತ್ತಿದ್ದುದು ಗಿಡ ಬಿಡಿಸಿ, ಇಂಥ ಹಳೆಯ ಗೆಡ್ಡೆ ಹಂಚಿಯೇ.

ಈಗ ಕೆಲಸಕ್ಕೆ ಇಳಿಯೋಣ. ಗಿಡ ಹೊಸದಾಗಿ ಬೆಳೆಯಲು ಶುರುಮಾಡುವ ಹೊತ್ತು ಇದಕ್ಕೆ ಒಳ್ಳೆಯದು. ಕುಂಡ ಬದಲಿಸುವುದೂ ಹೆಚ್ಚಾಗಿ ಆಗಲೇ ಅಲ್ವಾ? ಮುಂದಿನ ಭಾಗದಲ್ಲಿ ಮೂರು ನಾಲ್ಕು ಗೆಡ್ಡೆ ಉಳಿಸಿ. ಇಲ್ಲದಿದ್ದರೆ ತಾಯಿಗಿಡ ಸೊರಗುತ್ತದೆ, ಹೂವು ತಡವಾಗುತ್ತದೆ. ಹಿಂದಿನದನ್ನು ಒತ್ತಿ ನೋಡಿ. ಗಟ್ಟಿಯಾಗಿರಬೇಕು. ಸ್ವಲ್ಪ ಸುಕ್ಕಿದ್ದರೆ ಚಿಂತೆಯಿಲ್ಲ. ಮೆತ್ತಗಿದ್ದರೆ, ಒಳಗೆ ಟೊಳ್ಳಾಗಿದ್ದರೆ ಅದು ಮುಗಿದ ಗೆಡ್ಡೆ. ಒಣಗಿದ ಸಿಪ್ಪೆಯನ್ನು ನಿಧಾನವಾಗಿ ಸುಲಿಯಿರಿ. ಅದರ ಕೆಳಗೆ ಗಿಡದ ರಸ ಹೀರುವ ಶಲ್ಕ ಕೀಟಗಳು ಅಡಗಿರಬಹುದು. ಆಮೇಲೆ ಬುಡದ ಹತ್ತಿರ ಸೂಕ್ಷ್ಮವಾಗಿ ಹುಡುಕಿ. ಪುಟ್ಟ ತ್ರಿಕೋನದ ಹಾಗೆ ಉಬ್ಬು ಕಾಣುತ್ತದೆ. ಅದೇ ಕಣ್ಣು. ಅದು ಕಪ್ಪಾಗಿ ಒಣಗಿದ್ದರೆ ಅಲ್ಲಿಂದ ಏನೂ ಬರುವುದಿಲ್ಲ. ತಿಳಿ ಬಣ್ಣದಲ್ಲಿ ಜೀವಂತವಾಗಿದ್ದರೆ ಆಸೆ ಇಟ್ಟುಕೊಳ್ಳಬಹುದು.

ಸಿಂಬಿಡಿಯಂ ಆದರೆ ಒಂಟಿ ಗೆಡ್ಡೆಯೇ ಸಾಕು. ಕ್ಯಾಟ್ಲಿಯಾಗೆ ಒಂದು ಸಾಲದು, ಎರಡು ಮೂರು ಜೊತೆಗಿರಲಿ. ಕ್ಯಾಟ್ಲಿಯಾದಲ್ಲಿ ನನಗೆ ತುಂಬಾ ಇಷ್ಟವಾದ ಇನ್ನೊಂದು ದಾರಿ ಇದೆ. ಗಿಡವನ್ನು ಕುಂಡದಿಂದ ತೆಗೆಯಲೇ ಬೇಡಿ. ರೈಜೋಮನ್ನು ಮಾತ್ರ ಕತ್ತರಿಸಿ ಅಲ್ಲೇ ಬಿಡಿ. ಹಿಂದಿನ ಭಾಗ ತನ್ನ ಹಳೆಯ ಬೇರಿನ ಮೇಲೆಯೇ ನಿಂತು ಚಿಗುರುತ್ತದೆ. ಚಿಗುರು ಕಂಡ ಮೇಲೆ ಬಿಡಿಸಿಕೊಂಡರಾಯಿತು.

ಕತ್ತರಿಸುವ ಅಲಗಿನ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಸಿಂಬಿಡಿಯಂ ಮೊಸಾಯಿಕ್ ವೈರಸ್ ಗಿಡದ ರಸದ ಮೂಲಕ ಒಂದು ಗಿಡದಿಂದ ಇನ್ನೊಂದಕ್ಕೆ ಹರಡುತ್ತದೆ. ಬಂದ ಮೇಲೆ ಔಷಧಿಯಿಲ್ಲ. ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು. ಅಲಗನ್ನು ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿ, ಆರಿಸಿ ಬಳಸಿ. ಅಥವಾ ಪ್ರತಿ ಗಿಡಕ್ಕೂ ಹೊಸ ಬ್ಲೇಡ್ ತೆಗೆದುಕೊಳ್ಳಿ. ಕತ್ತರಿಸಿದ ಜಾಗ ಒಂದೆರಡು ದಿನ ನೆರಳಿನಲ್ಲಿ ಒಣಗಲಿ. ಅಲ್ಲಿಗೆ ದಾಲ್ಚಿನ್ನಿ ಪುಡಿ ಹಚ್ಚಬಹುದು, ಆದರೆ ಬೇರಿಗೆ ತಾಗಬಾರದು. ಅದು ಬೇರನ್ನು ಒಣಗಿಸಿಬಿಡುತ್ತದೆ.

ಇಲ್ಲಿಂದ ಮುಂದೆ ಹೆಚ್ಚಿನ ಗೆಡ್ಡೆಗಳು ಹಾಳಾಗುವುದು ಪ್ರೀತಿಯಿಂದಲೇ. ಚಿಗುರು ಬೇಗ ಬರಲಿ ಅಂತ ನೀರು ಸುರಿಯುತ್ತಾರೆ. ಯೋಚಿಸಿ ನೋಡಿ, ಈ ಗೆಡ್ಡೆಗೆ ಕೆಲಸ ಮಾಡುವ ಬೇರೇ ಇಲ್ಲ. ಸುರಿದ ನೀರನ್ನು ಅದು ಕುಡಿಯುವುದಾದರೂ ಹೇಗೆ? ಕೊಳೆಯುತ್ತದೆ, ಅಷ್ಟೇ. ಸ್ಫ್ಯಾಗ್ನಮ್ ಪಾಚಿಯನ್ನು ನೆನೆಸಿ, ಹನಿ ಬೀಳದಷ್ಟು ಗಟ್ಟಿಯಾಗಿ ಹಿಂಡಿ. ಅದರ ಮೇಲೆ ಗೆಡ್ಡೆಯನ್ನು ಕೂರಿಸಿ. ಕಣ್ಣು ಹೂತುಹೋಗಬಾರದು. ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಿಸಿಲು ನೇರವಾಗಿ ಬೀಳದ, ಬೆಳಕಿರುವ ಜಾಗದಲ್ಲಿಡಿ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಆಗಾಗ ಬಾಯಿ ಬಿಚ್ಚಿ ಗಾಳಿಯಾಡಿಸಿ. ಗೊಬ್ಬರ ಬೇಡ.

ಆಮೇಲೆ ಕಾಯಬೇಕು. ಕೆಲವು ವಾರಗಳಲ್ಲೇ ಕಣ್ಣು ಉಬ್ಬಬಹುದು, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ನೆ ಕೂತಿರಬಹುದು. ಗೆಡ್ಡೆ ಗಟ್ಟಿಯಾಗಿರುವ ತನಕ ಎಸೆಯಬೇಡಿ. ಚಿಗುರು ಬಂದ ಕೂಡಲೇ ಕುಂಡಕ್ಕೆ ವರ್ಗಾಯಿಸುವ ಆತುರವೂ ಬೇಡ. ಅದಕ್ಕೆ ಇನ್ನೂ ಊಟ ಕೊಡುತ್ತಿರುವುದು ಹಳೆಯ ಗೆಡ್ಡೆ. ಚಿಗುರಿನ ಬುಡದಿಂದ ಸ್ವಂತ ಬೇರು ಇಳಿದ ಮೇಲೆ ಸಣ್ಣ ಕುಂಡ ಕೊಡಿ. ದೊಡ್ಡ ಕುಂಡದಲ್ಲಿ ತೇವ ಜಾಸ್ತಿ ಹೊತ್ತು ನಿಲ್ಲುತ್ತದೆ. ಗೊಬ್ಬರವನ್ನೂ ಆಗ ಶುರುಮಾಡಿ, ತುಂಬಾ ತೆಳುವಾಗಿ. ತಳಿಯ ಹೆಸರು, ಕತ್ತರಿಸಿದ ತಾರೀಕು ಬರೆದ ಚೀಟಿ ಮೊದಲ ದಿನದಿಂದಲೇ ಜೊತೆಗಿರಲಿ. ಬರೀ ಎಲೆ ನೋಡಿ ಯಾವ ತಳಿ ಅಂತ ಹೇಳುವುದು ಬಹಳ ಕಷ್ಟ.

ಹೂವಿಗೆ ಎರಡರಿಂದ ನಾಲ್ಕು ವರ್ಷ ಹಿಡಿಯುತ್ತದೆ. ಮೊದಲ ವರ್ಷದ ಗೆಡ್ಡೆ ಚಿಕ್ಕದು, ಅದರ ಮುಂದಿನದು ಇನ್ನಷ್ಟು ದೊಡ್ಡದು. ಹೀಗೆ ಬಲಿತ ಮೇಲೆ ಹೂಗೊಂಚಲು. ಹೊಸ ಗಿಡ ತನ್ನ ಬೇರಿನ ಮೇಲೆ ನಿಂತಾಗ ಹಳೆಯ ಗೆಡ್ಡೆಯನ್ನು ಮತ್ತೊಮ್ಮೆ ಒತ್ತಿ ನೋಡಿ. ಇನ್ನೂ ಗಟ್ಟಿಯಾಗಿದ್ದು, ಬುಡದ ಇನ್ನೊಂದು ಬದಿಯಲ್ಲಿ ಕಣ್ಣು ಉಳಿದಿದ್ದರೆ ಬಿಡಿಸಿ ಮತ್ತೆ ಪಾಚಿಯ ಮೇಲೆ ಕೂರಿಸಿ. ಸಿಂಬಿಡಿಯಂನಲ್ಲಿ ಎರಡನೆಯ ಸಲವೂ ಚಿಗುರುವುದುಂಟು.

ನಮಸ್ಕಾರ.