ರಮ್ಮಿಗೆ ಕೋಲಾ ಬೇಡ, ಬೆಲ್ಲ ಹಾಕಿ

ಎಲ್ಲರಿಗೂ ನಮಸ್ಕಾರ. ಇವತ್ತು ರಮ್ ಬಗ್ಗೆ ಮಾತಾಡೋಣ.

ಬಾರಿಗೆ ಹೋಗಿ ಒಂದು ನೈಂಟಿ ರಮ್ ಹೇಳಿ ನೋಡಿ. ಹಿಂದೆಯೇ ಕೋಲಾ ಬಾಟಲಿ ಬಂದು ಟೇಬಲ್ ಮೇಲೆ ಕೂರುತ್ತದೆ. ನಾವೂ ಯೋಚನೆ ಮಾಡದೆ ಗ್ಲಾಸ್ ತುಂಬಾ ಸುರಿದುಕೊಳ್ಳುತ್ತೇವೆ. ನನಗೆ ಇದು ನಿಜವಾಗಲೂ ಬೇಜಾರಿನ ವಿಷಯ. 100 ಎಂಎಲ್ ಕೋಲಾದಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. 200 ಎಂಎಲ್ ಸುರಿದರೆ 20 ಗ್ರಾಂ ಆಯ್ತು. ಅದರ ಮೇಲೆ ಗ್ಯಾಸು, ಅದರದ್ದೇ ಒಂದು ವಾಸನೆ. ಇಷ್ಟರ ಮಧ್ಯೆ ರಮ್ಮಿನ ರುಚಿ ಎಲ್ಲಿ ಉಳಿಯಬೇಕು?

ಆ ರುಚಿ ನಮಗೆ ಹೊಸದಲ್ಲ. ರಮ್ ಅಂದರೆ ಕಬ್ಬು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ, ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಇಟ್ಟು ಮಾಗಿಸುತ್ತಾರೆ. ಮಂಡ್ಯ ಕಡೆ ಆಲೆಮನೆ ಹತ್ತಿರ ನಿಂತವರಿಗೆ ಗೊತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು, ಇನ್ನೇನು ಬೆಲ್ಲ ಆಗಬೇಕು ಅನ್ನುವಾಗ ಒಂದು ಘಮ ಏಳುತ್ತದಲ್ವಾ? ಒಂದು ಗ್ಲಾಸಿಗೆ ಸುಮ್ನೆ ಸ್ವಲ್ಪ ಡಾರ್ಕ್ ರಮ್ ಹಾಕಿ. ಐಸ್ ಬೇಡ, ನೀರು ಬೇಡ. ಎರಡು ನಿಮಿಷ ಬಿಟ್ಟು ಮೂಸಿ ನೋಡಿ. ಆ ಘಮದ ನೆಂಟಸ್ತನ ಅಲ್ಲಿದೆ.

ಬೆಂಗಳೂರಿನ ಅಮೃತ್ ಡಿಸ್ಟಿಲರಿ ಶುರುವಾಗಿದ್ದು 1948ರಲ್ಲಿ. ಅವರ ಟೂ ಇಂಡೀಸ್ ರಮ್‌ನಲ್ಲಿ ಕೆರಿಬಿಯನ್ ರಮ್ ಜೊತೆ ನಮ್ಮ ಬೆಲ್ಲದಿಂದ ಮಾಡಿದ ರಮ್ ಬೆರೆಸುತ್ತಾರೆ. ಈಗ ನಂಜನಗೂಡಿನ ಕಡೆಯಿಂದ ಬೆಲ್ಲದಿಂದಲೇ ಬಟ್ಟಿ ಇಳಿಸಿದ ‘ಹುಲಿ’ ಕೂಡ ಬಂದಿದೆ. ನನಗಂತೂ ಇದು ಹೆಮ್ಮೆ. ಇಷ್ಟು ಹತ್ತಿರ ಕಬ್ಬು, ಬೆಲ್ಲ, ನಿಂಬೆ ಎಲ್ಲ ಇಟ್ಟುಕೊಂಡು ನಾವು ಕೋಲಾ ಬಾಟಲಿಗೆ ಕೈ ಹಾಕುತ್ತೇವೆ.

ಕ್ಯೂಬಾದವರು ಏನು ಮಾಡಿದರು ನೋಡಿ. ಅದೂ ಕಬ್ಬಿನ ನಾಡು. ಸ್ಯಾಂಟಿಯಾಗೋ ಹತ್ತಿರ ಡೈಕಿರಿ ಅಂತ ಒಂದು ಜಾಗ, ಅಲ್ಲಿ ಕಬ್ಬಿಣದ ಗಣಿ. ಸುಮಾರು 1900ರ ಹೊತ್ತಿಗೆ ಆ ಗಣಿಯ ಜನ ರಮ್, ನಿಂಬೆರಸ, ಸಕ್ಕರೆ ಮೂರನ್ನೂ ಬೆರೆಸಿ ಕುಡಿದರು, ಅದಕ್ಕೆ ಊರಿನ ಹೆಸರೇ ಬಂತು ಅಂತ ಹೇಳುತ್ತಾರೆ. ಇವತ್ತಿಗೂ ಡೈಕಿರಿ ಅಂದರೆ ಆ ಮೂರೇ. ಕೈಗೆ ಸಿಕ್ಕಿದ್ದನ್ನು ಬಳಸಿದರು, ಅಷ್ಟೇ.

ನಾನು ಮನೆಯಲ್ಲಿ ಸಕ್ಕರೆ ಜಾಗಕ್ಕೆ ಬೆಲ್ಲ ಹಾಕುತ್ತೇನೆ. 100 ಗ್ರಾಂ ಬೆಲ್ಲಕ್ಕೆ 100 ಎಂಎಲ್ ನೀರು. ಸಣ್ಣ ಉರಿಯಲ್ಲಿ ಕರಗಿಸಿ, ಕುದಿಸಬೇಡಿ. ತೆಳು ಬಟ್ಟೆಯಲ್ಲಿ ಶೋಧಿಸಲೇಬೇಕು, ಒಳ್ಳೆ ಬೆಲ್ಲದಲ್ಲೂ ಕಬ್ಬಿನ ಸಿಪ್ಪೆ, ಸಣ್ಣ ಮರಳು ಇರುತ್ತದೆ. ಪೂರ್ತಿ ಆರಲಿ. ಕಪ್ಪಗಿರುವ ಬೆಲ್ಲ ಸಿಕ್ಕರೆ ಇನ್ನೂ ಚೆಂದ.

ಶೇಕರ್ ಇಲ್ಲ ಅಂತ ಚಿಂತೆ ಬೇಡ. ಬಿಗಿ ಮುಚ್ಚಳದ ಜಾಮ್ ಬಾಟಲಿ ಸಾಕು. ಅದಕ್ಕೆ 60 ಎಂಎಲ್ ರಮ್, 20 ಎಂಎಲ್ ನಿಂಬೆರಸ, 20 ಎಂಎಲ್ ಬೆಲ್ಲದ ಪಾಕ, ಅರ್ಧ ಬಾಟಲಿ ಐಸ್. ಅಳತೆ ತಪ್ಪಿಸಬೇಡಿ. ಕಣ್ಣಂದಾಜಿನಲ್ಲಿ ಹಾಕಿದರೆ ರಮ್ಮೇ ಜಾಸ್ತಿ ಬೀಳುತ್ತದೆ. ಬಾಟಲಿ ಹೊರಗೆ ಹನಿ ಕಟ್ಟಿ, ಹಿಡಿದ ಕೈ ಮರಗಟ್ಟುವ ತನಕ ಕುಲುಕಿ, ಹದಿನೈದು ಸೆಕೆಂಡ್ ಆಗಬಹುದು. ಟೀ ಸೋಸುವ ಜರಡಿಯಲ್ಲಿ ಸೋಸಿ. ಮೇಲೆ ಕಂದು ಬಣ್ಣದ ಸಣ್ಣ ನೊರೆ ನಿಲ್ಲುತ್ತದೆ. ಆಗಲೇ ಕುಡಿಯಬೇಕು.

ನಿಂಬೆ ಮೊದಲು 25 ಎಂಎಲ್ ಹಾಕುತ್ತಿದ್ದೆ. ಬದಲಾಯಿಸಿದ್ದು ನಮ್ಮ ಸೋದರಮಾವನಿಂದ. ಅವರು ಮಿಲಿಟರಿಯಲ್ಲಿದ್ದವರು. ಕ್ಯಾಂಟೀನ್ ರಮ್, ಬಿಸಿ ನೀರು, ಒಂದು ಸ್ಟೀಲ್ ಲೋಟ, ಹುರಿದ ಕಡ್ಲೆಕಾಯಿ. ನಲವತ್ತು ವರ್ಷ ಅಷ್ಟೇ ಅವರ ಸಂಜೆ. ನಾನು ಮಾಡಿಕೊಟ್ಟಿದ್ದನ್ನು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳಿ ಜಾಸ್ತಿ ಆಯ್ತು ಕಣೋ, ರಮ್ಮು ಕಾಣ್ತಾ ಇಲ್ಲ" ಅಂದರು. ಸರಿಯಾಗೇ ಹೇಳಿದ್ದರು.

ಅವರ ಬಿಸಿ ನೀರಿನ ರಮ್ಮೂ ನನಗೆ ಇಷ್ಟ. ಮಳೆಗಾಲದಲ್ಲಿ ಎರಡು ಕಾಳುಮೆಣಸು ಜಜ್ಜಿ ಹಾಕಿ, ಒಂದು ಚಮಚ ಜೇನು ಬೆರೆಸಿದರೆ ಬಲು ಚೆನ್ನ. ಆದರೆ ನೆಗಡಿಗೆ ಔಷಧಿ ಅಂತ ಕುಡಿಯಬೇಡಿ. ಮೈ ಬೆಚ್ಚಗಾದ ಹಾಗೆ ಅನ್ನಿಸುವುದು ರಕ್ತ ಚರ್ಮದ ಕಡೆ ಬರುವುದರಿಂದ. ನಿಜವಾಗಿ ದೇಹ ಬಿಸಿ ಕಳೆದುಕೊಳ್ಳುತ್ತಿರುತ್ತದೆ.

ಇನ್ನು ಹೊರಗೆ ಕುಡಿಯುವ ವಿಷಯ. ಹೋದ ವರ್ಷ ಒಂದು ದೊಡ್ಡ ಜಾಗದಲ್ಲಿ ಮೊಜಿತೊ ತೆಗೆದುಕೊಂಡೆ, ಅಂದರೆ ರಮ್, ನಿಂಬೆರಸ, ಸಕ್ಕರೆ, ಪುದೀನ, ಸೋಡಾ ಬೆರೆಸಿದ್ದು. ಪುದೀನ ಚಟ್ನಿಗೆ ಅರೆದ ಹಾಗೆ ಅರೆದಿದ್ದರು, ಪೂರ್ತಿ ಕಹಿ. ನಿಂಬೆರಸ ಬಾಟಲಿಯದ್ದು. ಕೊಟ್ಟ ದುಡ್ಡು ನೆನೆದು ಹೊಟ್ಟೆ ಉರಿಯಿತು. ಅವತ್ತಿನಿಂದ ಆರ್ಡರ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: "ನಿಂಬೆಹಣ್ಣು ಈಗ ಹಿಂಡ್ತೀರಾ?" ಕೇಳುವುದಕ್ಕೆ ಸಂಕೋಚ ಯಾಕೆ? ಹೋದ ತಿಂಗಳು ಒಂದು ಚಿಕ್ಕ ಬಾರಿನಲ್ಲಿ ಹೀಗೆ ಕೇಳಿದಾಗ ಆ ಹುಡುಗ ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ತಟ್ಟೆ ತಂದ. ಅದರಲ್ಲಿ ಎರಡು ನಿಂಬೆಹಣ್ಣು, ಒಂದು ಚಾಕು. "ನೀವೇ ಆರಿಸಿ ಸಾರ್" ಅಂದ.