ದೇವಮಾಲಿಯ ಇಳಿಜಾರಿನಲ್ಲಿ ಜೇಪುರದ ನೆಲಹಲ್ಲಿ

ಈಗ ತೆರೆಯ ಮೇಲಿರುವುದು ಒಡಿಶಾದ ಕೋರಾಪುಟ್ ಜಿಲ್ಲೆಯ ದೇವಮಾಲಿ. ಎತ್ತರ 1672 ಮೀಟರ್. ಆ ರಾಜ್ಯದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. ಇಷ್ಟು ಚೆಂದದ ನೋಟವಿದ್ದರೂ ಕ್ಯಾಮೆರಾ ಪದೇ ಪದೇ ನೆಲದ ಕಡೆಗೇ ತಿರುಗುತ್ತಿರುವುದಕ್ಕೆ ಕಾರಣ ಜೇಪುರದ ನೆಲಹಲ್ಲಿ ಎಂಬ ಅಪರೂಪದ ಹಲ್ಲಿ.

1877ರಲ್ಲಿ ಕರ್ನಲ್ ರಿಚರ್ಡ್ ಹೆನ್ರಿ ಬೆಡ್ಡೋಮ್ ಅವರು ಜೇಪುರ ಸೀಮೆಯ ಪತಿಂಘೆ ಬೆಟ್ಟದಲ್ಲಿ, 4200 ಅಡಿ ಎತ್ತರದಲ್ಲಿ, ಬಂಡೆಯ ಅಡಿಯಲ್ಲಿ ಸಿಕ್ಕ ಒಂದೇ ಒಂದು ಗಂಡು ಹಲ್ಲಿಯನ್ನು ಆಧರಿಸಿ ಈ ಪ್ರಭೇದವನ್ನು ವರ್ಣಿಸಿದರು. ಆಮೇಲೆ ಅದರ ಸುಳಿವೇ ಇರಲಿಲ್ಲ. ಅಳಿದೇ ಹೋಗಿರಬೇಕೆಂಬ ಅನುಮಾನ ಬಲವಾಗಿದ್ದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆಸುತ್ತಿದ್ದ ಇಶಾನ್ ಅಗರ್‌ವಾಲ್ ಮತ್ತು ಸಂಗಡಿಗರು ಇದೇ ದೇವಮಾಲಿಯಲ್ಲೂ ಆಂಧ್ರದ ಗಾಲಿಕೊಂಡದಲ್ಲೂ ಅದನ್ನು ಮತ್ತೆ ಕಂಡು 2012ರಲ್ಲಿ ಪ್ರಕಟಿಸಿದರು. ಇದನ್ನು ಅದೃಷ್ಟವೆಂದರೆ ನಾನು ಒಪ್ಪುವುದಿಲ್ಲ. ಹಲ್ಲಿ ಎಲ್ಲಿಗೂ ಹೋಗಿರಲಿಲ್ಲ. ಪೂರ್ವಘಟ್ಟದ ಈ ಎತ್ತರಕ್ಕೆ ರಾತ್ರಿ ಟಾರ್ಚ್ ಹಿಡಿದು ಬಂದು, ತರಗೆಲೆಯ ನಡುವೆ ತಾಳ್ಮೆಯಿಂದ ಹುಡುಕುವವರು ಬೇಕಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಬೂದಿಯ ಗುಂಡಿಯನ್ನು ನೋಡಿ. ಯಾರೋ ಬೆಂಕಿ ಕಾಯಿಸಿಕೊಂಡು ಹೋಗಿದ್ದಾರೆ. ಸುತ್ತ ಇಟ್ಟ ಕಲ್ಲುಗಳ ಒಳಮೈ ಮಸಿ ಹಿಡಿದಿದೆ, ಹೊರಮೈಗೆ ಇನ್ನೂ ಹಸಿ ಮಣ್ಣು ಮೆತ್ತಿಕೊಂಡಿದೆ. ಅಂದರೆ ನೆಲದಲ್ಲಿ ಹೂತಿದ್ದವನ್ನೇ ಕಿತ್ತು ತಂದಿದ್ದಾರೆ. ಹಗಲೆಲ್ಲ ಕಲ್ಲಿನಡಿ ತಂಪಿನಲ್ಲಿದ್ದು ರಾತ್ರಿ ಹೊರಬರುವ ಜೀವಿಗೆ ಆ ಕಲ್ಲೇ ಮನೆ. ಒಲೆಗೆಂದು ಅದನ್ನು ಕಿತ್ತರು, ಉರುವಲಿಗೆಂದು ತರಗೆಲೆಯನ್ನು ಗುಡಿಸಿದರು, ಕೊನೆಗೆ ಕೆಂಡವನ್ನು ಪೂರ್ತಿ ಆರಿಸದೆ ಎದ್ದು ಹೋದರು. ಚಳಿಯಿತ್ತು ಎಂಬ ಸಬೂಬು ನನಗೆ ಬೇಡ. ಕಂಬಳಿ ಹೊದ್ದುಕೊಳ್ಳಬಹುದಿತ್ತು. ಗಣಿಗಾರಿಕೆ ಈ ಬೆಟ್ಟಸಾಲಿಗೆ ಇದಕ್ಕಿಂತ ಎಷ್ಟೋ ದೊಡ್ಡ ಅಪಾಯ, ನಿಜ. ಆದರೆ ಈ ಬೆಂಕಿಯನ್ನು ತಡೆಯಲು ಯಾವ ಸರ್ಕಾರದ ಆದೇಶವೂ ಬೇಕಿರಲಿಲ್ಲ.

ಬೆಟ್ಟ ಹತ್ತುವಾಗ, ಇಂಥ ಜೀವಿಗಳ ನೆಲೆಯನ್ನು ಹೊರಗೆ ಹೇಳಲೇಬಾರದು ಎಂದು ಪಟ್ಟು ಹಿಡಿದಿದ್ದೆ. ಬೂದಿ ಕಂಡ ಮೇಲೆ ಆ ಪಟ್ಟು ಸಡಿಲವಾಗಿದೆ. ಬೆಂಕಿ ಹಾಕಿದವರಿಗೆ ಹಲ್ಲಿಯ ವಿಷಯ ಗೊತ್ತೇ ಇರಲಿಲ್ಲ ಎಂದು ತೋರುತ್ತದೆ. ಬೆಟ್ಟದ ಹೆಸರು ಹೇಗೂ ಬಹಿರಂಗವಾಗಿರುವಾಗ, ನೆಲೆಯ ಮಹತ್ವವನ್ನೂ ಹೇಳುವುದೇ ಮೇಲು. ನಿಖರವಾದ ಜಾಗವನ್ನು ಮಾತ್ರ ಈಗಲೂ ತೋರಿಸುವುದಿಲ್ಲ.

ದೃಶ್ಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಈಗ ಗೋಡೆಯ ಮೇಲೆ ಓಡಿದ್ದು ಜೇಪುರದ ನೆಲಹಲ್ಲಿಯಲ್ಲ. ಚಿತ್ರವನ್ನು ನಿಲ್ಲಿಸಿ ಬೆರಳುಗಳನ್ನು ನೋಡಿ: ಇದಕ್ಕೆ ಗೋಡೆಗೆ ಅಂಟಿಕೊಳ್ಳುವ ಅಗಲವಾದ ಮೆತ್ತೆಗಳಿವೆ. ನೆಲಹಲ್ಲಿಯ ಬೆರಳುಗಳು ಸಪೂರ, ಮೆತ್ತೆಯಿಲ್ಲದವು. ನೆಲಹಲ್ಲಿಯ ಬೆನ್ನಿನ ಹುರುಪೆಗಳೂ ದೊಡ್ಡವು. ಆದ್ದರಿಂದ ಈ ತುಣುಕನ್ನು ಕತ್ತರಿಸಿ, ಅಪರೂಪದ ಹಲ್ಲಿ ಸಿಕ್ಕಿತೆಂದು ದಯವಿಟ್ಟು ಹಂಚಬೇಡಿ.