ಫ್ಯಾನ್ ಹಾಕಿದರೆ ಎಂಜಿನ್ ಬಿಸಿಯಾಗುವುದೇ?

ಲ್ಯಾಪ್‌ಟಾಪ್ ಪರದೆಯ ಎಡಗಡೆಯಲ್ಲಿರುವ, ನನ್ನ ಜಿಪ್ಸಿಯ ಎಂಜಿನ್ ತಾಪಮಾನದ ಅಂಕಿಯನ್ನು ಸ್ವಲ್ಪ ಗಮನಿಸಿ. ಎಂಜಿನ್ ಚಾಲೂ ಇದೆ, ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ನೀರು, 90 ಡಿಗ್ರಿಯಲ್ಲಿದೆ. ಈಗ ಹೆಡ್‌ಲೈಟ್ ಹೊತ್ತಿಸಿ ರೇಡಿಯೇಟರ್ ಫ್ಯಾನಿನ ಸ್ವಿಚ್ ಒತ್ತುತ್ತೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಂಕಿ 100ಕ್ಕೆ ಹಾರಿತು. ಎರಡನ್ನೂ ಆರಿಸಿದರೆ ಮತ್ತೆ 90. ರೇಡಿಯೇಟರ್ ತುಂಬ ಇರುವ ನೀರು ಅರೆಕ್ಷಣದಲ್ಲಿ ಹತ್ತು ಡಿಗ್ರಿ ಏರಿ ಇಳಿಯಲಾರದು, ಅದೂ ಫ್ಯಾನ್ ತಿರುಗುತ್ತಿರುವಾಗ. ಎರಡು ವಾರ ನನ್ನ ತಲೆ ಕೆಡಿಸಿದ್ದ ಈ ಹತ್ತು ಡಿಗ್ರಿಯ ಹಿಂದೆ ಹೋಗುವುದೇ ಇವತ್ತಿನ ಕೆಲಸ.

ವಾಹನ 1995ರ ಮಾರುತಿ ಜಿಪ್ಸಿ, 970 ಸಿಸಿ ಎಂಜಿನ್ನಿನದು. ಸಕಲೇಶಪುರದ ತೋಟದೊಳಗೆ ಮಾತ್ರ ಓಡುತ್ತದೆ. ಅದರ ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಕೂರಿಸಿದ್ದೇನೆ. ಅವುಗಳನ್ನು ನಡೆಸುವುದು ಸ್ಪೀಡುಯಿನೊ ಎಂಬ ಇಸಿಯು, ಅಂದರೆ ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೆಂದು ಲೆಕ್ಕ ಹಾಕುವ ಪುಟ್ಟ ಕಂಪ್ಯೂಟರ್. ಆರ್ಡುಯಿನೊ ಮೆಗಾ ಬೋರ್ಡಿನ ಮೇಲೆ ಕೆಲಸ ಮಾಡುವ ಈ ಇಸಿಯುವಿನ ನಕ್ಷೆಯೂ ತಂತ್ರಾಂಶವೂ ಎಲ್ಲರಿಗೂ ಮುಕ್ತವಾಗಿವೆ. ಅದಕ್ಕೆ ಎರಡು ತಾಪಮಾನಗಳು ಗೊತ್ತಿರಬೇಕು: ಕೂಲಂಟಿನದು ಮತ್ತು ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯದು.

ಮೊದಲು ಬೆಂಗಳೂರಿನಲ್ಲಿ ವಾಹನಗಳ ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋಗಿ 'ಟೆಂಪರೇಚರ್ ಸೆನ್ಸರ್' ಎಂದು ಕೇಳಿದಾಗ ಅಂಗಡಿಯವರು ಕೈಗಿತ್ತದ್ದು ಒಂದೇ ವೈರಿನ ಹಿತ್ತಾಳೆಯ ಬಿಡಿಭಾಗ. ಅದು ಡ್ಯಾಶ್‌ಬೋರ್ಡಿನ ಮುಳ್ಳನ್ನು ಆಡಿಸಲು ಮಾಡಿದ್ದು; ಅದರ ಎರಡನೆಯ ವೈರ್ ಎಂದರೆ ಅದರ ಮೈಯೇ, ಮರೆಯ (ತಿರುಪಿನ ಎಳೆಗಳ) ಮೂಲಕ ಎಂಜಿನ್ ಬ್ಲಾಕಿಗೆ ಅರ್ತ್ ಆಗುತ್ತದೆ. ಸೋರದಿರಲೆಂದು ಮರೆಗೆ ಟೆಫ್ಲಾನ್ ಟೇಪನ್ನು ದಪ್ಪಗೆ ಸುತ್ತಿದರೆ ಆ ಅರ್ತ್ ಕೂಡ ನಂಬುವಂತಿರುವುದಿಲ್ಲ. ಅದನ್ನೇ ಇಸಿಯುವಿಗೆ ಜೋಡಿಸಿದೆ, ಬುದ್ಧಿ ಕಲಿತೆ.

ಇಸಿಯುವಿಗೆ ತಾಪಮಾನವೆಂಬುದು ಗೊತ್ತೇ ಇಲ್ಲ. ಅದು ಅಳೆಯುವುದು ವೋಲ್ಟೇಜನ್ನು ಮಾತ್ರ. ಸೆನ್ಸರಿನೊಳಗೆ ಬಿಸಿಯೇರಿದಷ್ಟೂ ರೋಧ ಕಡಿಮೆಯಾಗುವ ಥರ್ಮಿಸ್ಟರ್ ಇದೆ. ಇಸಿಯು ತನ್ನ 5 ವೋಲ್ಟನ್ನು 2,490 ಓಮಿನ ರೆಸಿಸ್ಟರ್ ಮೂಲಕ ಅದಕ್ಕೆ ಕೊಟ್ಟು, ಇವೆರಡರ ನಡುವಿನ ಬಿಂದುವಿನಲ್ಲಿ ವೋಲ್ಟೇಜ್ ಓದುತ್ತದೆ. ಬಾಷ್ ಕಂಪನಿಯ ಸಾಮಾನ್ಯ ಕೂಲಂಟ್ ಸೆನ್ಸರನ್ನು ತೆಗೆದುಕೊಂಡರೆ, 20 ಡಿಗ್ರಿಯಲ್ಲಿ ಅದರ ರೋಧ 2,500 ಓಮ್, ಅಂದರೆ ಹೆಚ್ಚುಕಡಿಮೆ ಎರಡೂವರೆ ವೋಲ್ಟ್. 90 ಡಿಗ್ರಿಯಲ್ಲಿ 243 ಓಮ್, 0.44 ವೋಲ್ಟ್. 100 ಡಿಗ್ರಿಯಲ್ಲಿ 187 ಓಮ್, 0.35 ವೋಲ್ಟ್. ಎಂಜಿನ್ ನಿಜವಾಗಿ ಕೆಲಸ ಮಾಡುವ ಜಾಗದಲ್ಲಿ ಹತ್ತು ಡಿಗ್ರಿಗೂ 0.1 ವೋಲ್ಟಿಗೂ ವ್ಯತ್ಯಾಸವಿಲ್ಲ ಎಂದಾಯಿತು.

ಈಗ ಈ ಮಲ್ಟಿಮೀಟರ್ ನೋಡಿ. ಕಪ್ಪು ಕಡ್ಡಿ ಎಂಜಿನ್ ಬ್ಲಾಕಿನ ಮೇಲಿದೆ, ಕೆಂಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಮೇಲೆ, ಅಂದರೆ ಇಸಿಯುವಿನ ಅರ್ತ್ ಸೇರಿರುವಲ್ಲಿ. ಫ್ಯಾನ್ ಮತ್ತು ಹೆಡ್‌ಲೈಟ್ ಸೇರಿ ಸುಮಾರು 20 ಆಂಪಿಯರ್ ಎಳೆಯುತ್ತವೆ. ಆ ಕರೆಂಟ್ ಆಲ್ಟರ್ನೇಟರಿಗೆ ಮರಳುವುದು ಇದೇ ಹಳೆಯ ಅರ್ತ್ ಕೇಬಲ್ಲಿನ ಮೂಲಕ, ಬ್ಲಾಕಿನ ದಾರಿಯಾಗಿ. ಕೇಬಲ್ಲಿನ ರೋಧ ಐದು ಮಿಲಿಓಮ್ ಇದ್ದರೂ ಸಾಕು, ಅದರ ಎರಡು ತುದಿಗಳ ನಡುವೆ 100 ಮಿಲಿವೋಲ್ಟ್ ನಿಲ್ಲುತ್ತದೆ. ಮೀಟರ್ ತೋರಿಸುತ್ತಿರುವುದೂ ಹೆಚ್ಚುಕಡಿಮೆ ಅಷ್ಟನ್ನೇ. ಬ್ಲಾಕಿನ ಮೇಲೆ ಅರ್ತ್ ಆದ ಸೆನ್ಸರಿನ ವೋಲ್ಟೇಜು ಇಸಿಯುವಿನ ಕಣ್ಣಿಗೆ ಅಷ್ಟು ಕಡಿಮೆಯಾಗಿ ಕಾಣುತ್ತದೆ, ಕಡಿಮೆ ವೋಲ್ಟೇಜ್ ಎಂದರೆ ಹೆಚ್ಚು ಬಿಸಿ ಎಂದು ಅದು ಓದಿಕೊಳ್ಳುತ್ತದೆ. ಕೂಲಂಟ್ 88ಕ್ಕಿಳಿದಾಗ ಇಸಿಯು ನಿಲ್ಲಿಸಬೇಕಾದ ಫ್ಯಾನ್ ನಿಲ್ಲದೆ ತಿರುಗುತ್ತಲೇ ಇದ್ದದ್ದು ಇದರಿಂದಲೇ: ತಿರುಗುತ್ತಿರುವುದೇ ಅದು ತಿರುಗಬೇಕಾದ ಕಾರಣವಾಗಿತ್ತು.

ಪರಿಹಾರ ಎರಡು ವೈರಿನ ಸೆನ್ಸರ್. ಒಂದು ವೈರ್ ಸಿಗ್ನಲಿಗೆ, ಇನ್ನೊಂದು ನೇರವಾಗಿ ಇಸಿಯುವಿನ ಸೆನ್ಸರ್ ಅರ್ತ್ ಪಿನ್ನಿಗೆ. ಬ್ಲಾಕಿಗೂ ಬಾಡಿಗೂ ಅದು ಎಲ್ಲಿಯೂ ತಗಲಬಾರದು, ಇಂಜೆಕ್ಟರ್ ಅಥವಾ ಕಾಯಿಲಿನ ಅರ್ತ್ ಅದರೊಂದಿಗೆ ಕೂಡಬಾರದು. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಅದರ ಹಳೆಯ ಒಂದೇ ವೈರಿನ ಸೆನ್ಸರನ್ನೇ ಬಿಟ್ಟಿದ್ದೇನೆ, ಏಕೆಂದರೆ ಒಂದೇ ಸೆನ್ಸರನ್ನು ಇಬ್ಬರಿಗೂ ಹಂಚಿದರೆ ಇಬ್ಬರ ಲೆಕ್ಕವೂ ತಪ್ಪುತ್ತದೆ. ಹೊಸದರ ಮರೆ ಎಂ 12 × 1.5, ವಾಷರಿನ ಮೇಲೆ ಸೀಲ್ ಆಗುವಂಥದ್ದು. ಅದಕ್ಕಾಗಿ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಬುಷ್ ಮಾಡಿಸಿ ಥರ್ಮೋಸ್ಟಾಟಿನ (ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟದ) ಎಂಜಿನ್ ಕಡೆಯ ಬದಿಗೆ ಕೂರಿಸಿದೆ. ರೇಡಿಯೇಟರ್ ಕಡೆಗೆ ಹಾಕಿದ್ದರೆ, ಥರ್ಮೋಸ್ಟಾಟ್ ತೆರೆಯುವ ತನಕ ಎಂಜಿನ್ ತಣ್ಣಗಿದೆ ಎಂದೇ ಭಾವಿಸಿ ಇಸಿಯು ಪೆಟ್ರೋಲ್ ಸುರಿಯುತ್ತಿತ್ತು.

ವೈರಿನಲ್ಲಿ ಹರಿಯುವುದು ಎರಡು ಮಿಲಿಆಂಪಿಯರಿಗಿಂತ ಕಡಿಮೆ, ಹಾಗಾಗಿ ದಪ್ಪ ಬೇಕಿರುವುದು ಗಟ್ಟಿತನಕ್ಕಷ್ಟೇ. ಸ್ಪಾರ್ಕ್ ಪ್ಲಗ್ ವೈರುಗಳಿಂದ ದೂರ ಎಳೆದರೆ ಸಾಕು. ಚಿಂತಿಸಬೇಕಾದದ್ದು ಕನೆಕ್ಟರನ್ನು. ಹಸಿರುಗಟ್ಟಿದ ಪಿನ್ 50 ಓಮ್ ಸೇರಿಸಿತೆನ್ನಿ: 20 ಡಿಗ್ರಿಯಲ್ಲಿ ಅದು ಅರ್ಧ ಡಿಗ್ರಿಯ ತಪ್ಪು, ಯಾರಿಗೂ ಕಾಣುವುದಿಲ್ಲ. ಅದೇ 90ರಲ್ಲಿ 83 ಎಂದು ತೋರಿಸುತ್ತದೆ. ವೈರ್ ಪೂರ್ತಿ ಕಿತ್ತುಹೋದರೆ ಮಾತ್ರ ಅನುಕೂಲ, ಪರದೆಯ ಮೇಲೆ ಮೈನಸ್ 40 ಬರುತ್ತದೆ. ನಮ್ಮ ಕಡೆ ಅದನ್ನು ಯಾರೂ ನಿಜವೆಂದು ನಂಬುವುದಿಲ್ಲ.

ಪೊಟ್ಟಣದ ಮೇಲೆ ಪಾರ್ಟ್ ನಂಬರ್ ಇರಲಿಲ್ಲವಾದ್ದರಿಂದ ಬೆಂಗಳೂರಿನ ಮನೆಯ ಅಡುಗೆಮನೆಯಲ್ಲಿ ಮೂರು ಅಳತೆ ತೆಗೆದುಕೊಂಡೆ. ಟ್ಯೂನರ್‌ಸ್ಟುಡಿಯೊ ಎಂಬ, ಇಸಿಯುವನ್ನು ಹೊಂದಿಸುವ ತಂತ್ರಾಂಶಕ್ಕೆ ಮೂರು ತಾಪಮಾನಗಳಲ್ಲಿ ಸೆನ್ಸರಿನ ರೋಧ ತಿಳಿಸಿದರೆ ಉಳಿದ ವಕ್ರರೇಖೆಯನ್ನು ತಾನೇ ಲೆಕ್ಕ ಹಾಕುತ್ತದೆ; ಸ್ಟೈನ್‌ಹಾರ್ಟ್ ಮತ್ತು ಹಾರ್ಟ್ 1968ರಲ್ಲಿ ಪ್ರಕಟಿಸಿದ ಸಮೀಕರಣವದು. ಪುಡಿ ಐಸಿನ ನೀರು ಸೊನ್ನೆ, ಕೋಣೆಯ ನೀರು 25. ಕುದಿಯುವ ನೀರಿಗೆ 100 ಎಂದು ಬರೆಯಲು ಹೊರಟಿದ್ದೆ, ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು 97ಕ್ಕೆ. ಆ ಮೂರು ಡಿಗ್ರಿಯ ತಪ್ಪು ಎಂಜಿನ್ ದಿನವಿಡೀ ಇರುವ ಜಾಗದಲ್ಲೇ ಕೂರುತ್ತಿತ್ತು. ಸೆನ್ಸರ್ ಪಾತ್ರೆಯ ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಡಿ. ಸಾರಿನ ಪಾತ್ರೆಯನ್ನು ಮಾತ್ರ ಬಳಸಬೇಡಿ. ನನ್ನ ಮನೆಯಲ್ಲಿ ಆ ವಿಷಯ ಇನ್ನೂ ಮುಗಿದಿಲ್ಲ.

ಗಾಳಿಯ ಸೆನ್ಸರಿಗೆ ಬೇಕಾದದ್ದು ಚುರುಕುತನ. ಥರ್ಮಿಸ್ಟರಿನ ಮಣಿ ಹೊರಗೆ ತೆರೆದಿರುವಂಥದ್ದನ್ನು ಆರಿಸಿದೆ, ಹಿತ್ತಾಳೆಯ ಟೋಪಿಯೊಳಗೆ ಮುಚ್ಚಿರುವುದನ್ನಲ್ಲ. ಜಾಗವೂ ಅಷ್ಟೇ ಮುಖ್ಯ. ಎಂಜಿನ್ನಿಗೆ ಗಾಳಿ ಒಯ್ಯುವ ಅಲ್ಯುಮಿನಿಯಂ ಮ್ಯಾನಿಫೋಲ್ಡಿಗೆ ತಿರುಗಿಸಿದರೆ ಅದು ಗಾಳಿಯ ಬದಲು ಲೋಹದ ಬಿಸಿಯನ್ನು ಹೇಳುತ್ತದೆ. ಗಾಳಿ ನಿಜಕ್ಕೂ 30 ಡಿಗ್ರಿ ಇದ್ದು ಸೆನ್ಸರ್ 60 ಎಂದರೆ, ಗಾಳಿ ಶೇಕಡಾ 9ರಷ್ಟು ತೆಳುವಾಗಿದೆ ಎಂದುಕೊಂಡು ಇಸಿಯು ಅಷ್ಟೇ ಪೆಟ್ರೋಲನ್ನು ಕಡಿತ ಮಾಡುತ್ತದೆ. ಐದು ನಿಮಿಷ ನಿಲ್ಲಿಸಿ ಮತ್ತೆ ಹೊರಟಾಗ ಜಿಪ್ಸಿ ಮುಗ್ಗರಿಸುತ್ತಿದ್ದದ್ದು ಹೀಗೆ. ಈಗ ಅದು ಏರ್ ಫಿಲ್ಟರಿನ ನಂತರದ ರಬ್ಬರ್ ಕೊಳವೆಯಲ್ಲಿದೆ.

ಇದು ಇಂದು ಬೆಳಗಿನ ಚಿತ್ರೀಕರಣ. ರಾತ್ರಿಯಿಡೀ ನಿಂತಿದ್ದ ಎಂಜಿನ್ನಿನಲ್ಲಿ, ಚಾಲೂ ಮಾಡುವ ಮೊದಲು, ಕೂಲಂಟ್ 21 ಮತ್ತು ಗಾಳಿ 22 ತೋರಿಸುತ್ತಿವೆ. ಒಂದಕ್ಕೊಂದು ಇಷ್ಟು ಹತ್ತಿರವಿದ್ದರೆ ಸಾಕು. ಇಪ್ಪತ್ತು ನಿಮಿಷದ ಬಳಿಕ ಕೂಲಂಟ್ 90. ಹೆಡ್‌ಲೈಟ್ ಹೊತ್ತಿಸಿದೆ, ಫ್ಯಾನ್ ಹಾಕಿದೆ. 90. ಸ್ವಲ್ಪ ಹೊತ್ತಿಗೆ 89, ಆಮೇಲೆ 88, ಫ್ಯಾನ್ ತಾನಾಗಿ ನಿಂತಿತು.